ದುಡ್ಡು ಕಟ್ಟಿದ್ರೂ ಸಿನಿಮಾ ಯಾಕೆ ಮಾಯ ಆಗುತ್ತೆ? ಓಟಿಟಿ ಹಕ್ಕುಗಳ ಲೆಕ್ಕಾಚಾರ

ಪ್ರಶ್ನೆ: ನಾನು ಮಂಡ್ಯದಲ್ಲಿರೋ ನಿವೃತ್ತ ಮೇಷ್ಟ್ರು. ಮಗ ಬೆಂಗಳೂರಿಂದ ಟಿವಿಗೆ ಮೂರು ಓಟಿಟಿ ಆ್ಯಪ್ ಹಾಕ್ಸಿಕೊಟ್ಟಿದಾನೆ. ನಮ್ಮ ಮನೆಯವ್ರು ಒಂದು ಹಳೇ ಕನ್ನಡ ಸಿನಿಮಾನ ಅರ್ಧ ನೋಡಿ, ಮಿಕ್ಕಿದ್ದು ಆಮೇಲೆ ನೋಡೋಣ ಅಂತ ಬಿಟ್ಟಿದ್ರು, ಮತ್ತೆ ಹುಡುಕಿದ್ರೆ ಅದು ಇಲ್ಲವೇ ಇಲ್ಲ. ಇನ್ನೊಂದು ಸಿನಿಮಾ ಹಿಂದೀಲಿ ಮಾತ್ರ ಇದೆ, ಕನ್ನಡದ್ದು ಬೇರೆ ಆ್ಯಪ್‌ನಲ್ಲಂತೆ. ದುಡ್ಡು ಕಟ್ಟಿದ್ಮೇಲೂ ಹಿಂಗ್ಯಾಕೆ? ಎಲ್ಲಾ ಸಿನಿಮಾನೂ ಎಲ್ಲಾ ಕಡೆ ಸಿಗೋ ಹಂಗೆ ಯಾಕೆ ಮಾಡಲ್ಲ? ನಾವು ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡ್ಬೇಕು?

ಉತ್ತರ: ನಮಸ್ಕಾರ ಮೇಷ್ಟ್ರೇ. ನಾನು ಮೈಸೂರಲ್ಲಿದ್ದುಕೊಂಡು ಕನ್ನಡ ನಿರ್ಮಾಪಕರಿಗೆ ಹಕ್ಕುಗಳ ಒಪ್ಪಂದ ಓದಿ ಹೇಳೋ ಕೆಲಸ ಮಾಡೋನು, ನೀವು ಕೇಳಿರೋದು ದಿನಾ ನನ್ನ ಮೇಜಿನ ಮೇಲೆ ಬರೋ ಕಾಗದಗಳ ಬಗ್ಗೆನೇ, ಅದಕ್ಕೆ ಒಸಿ ಉದ್ದಕ್ಕೇ ಹೇಳ್ತೀನಿ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ನಿಮ್ಮ ಮಗ ಕಟ್ತಿರೋ ದುಡ್ಡು ಯಾವ ಸಿನಿಮಾಗೂ ಅಲ್ಲ, ಆ ಆ್ಯಪ್ ಒಳಗೆ ಹೋಗೋಕೆ ಮಾತ್ರ. ಒಳಗೆ ಇವತ್ತು ಇರೋದು ನಾಳೆನೂ ಇರುತ್ತೆ ಅಂತ ಅವ್ರು ಯಾರಿಗೂ ಮಾತು ಕೊಟ್ಟಿಲ್ಲ, ನಾವೆಲ್ಲ ಓದ್ದೇ ಒಪ್ಪಿಗೆ ಒತ್ತಿಬಿಡೋ ಷರತ್ತುಗಳಲ್ಲಿ ಕಂಟೆಂಟ್ ಯಾವಾಗ ಬೇಕಾದ್ರೂ ಬದಲಾಗಬಹುದು ಅಂತ ಬರ್ದೇ ಇರುತ್ತೆ. ಆ್ಯಪ್‌ನಲ್ಲಿ ಕಾಣೋ ಎಷ್ಟೋ ಸಿನಿಮಾಗಳು ಆ ಕಂಪನಿಯ ಸ್ವಂತದ್ದಲ್ಲ, ನಮ್ಮ ಕಡೆ ಮನೇನ ಭೋಗ್ಯಕ್ಕೆ ಹಾಕ್ಕೋತಾರಲ್ಲ ಹಂಗೆ ಇಷ್ಟು ವರ್ಷಕ್ಕೆ ಅಂತ ದುಡ್ಡು ಕೊಟ್ಟು ತಗೊಂಡಿರೋದು, ಅವಧಿ ಮುಗೀತು ಅಂದ್ರೆ ಒಂದೋ ಮತ್ತೆ ಮಾತಾಡ್ಕೋಬೇಕು ಇಲ್ಲಾ ಖಾಲಿ ಮಾಡ್ಬೇಕು. ಅಮ್ಮಾವ್ರು ಅರ್ಧ ನೋಡಿದ್ದ ಸಿನಿಮಾಗೆ ಆಗಿರೋದು ಬಹುಶಃ ಇದೇ. ಅವಧಿ ಮುಗಿಯೋ ದಿನ ಯಾರು ಎಲ್ಲಿವರೆಗೆ ನೋಡಿದಾರೆ ಅಂತ ನೋಡಿ ತೆಗೆಯೋ ವ್ಯವಸ್ಥೆ ಇಲ್ಲ, ರಾತ್ರಿ ಹನ್ನೆರಡಕ್ಕೆ ಲೈಸೆನ್ಸ್ ಮುಗಿದ್ರೆ ರಾತ್ರಿ ಹನ್ನೆರಡಕ್ಕೇ ಸಿನಿಮಾ ಹೋಗುತ್ತೆ.

ಹಂಗಾದ್ರೆ ಎಲ್ಲರೂ ಎಲ್ಲಾ ಸಿನಿಮಾನೂ ತಗೊಂಡು ಇಟ್ಕೊಳ್ಳಿ, ಕೇಬಲ್ ಟಿವೀಲಿ ಎಲ್ಲಾ ಚಾನೆಲ್ ಒಟ್ಟಿಗೆ ಬರ್ತಿದ್ವಲ್ಲ ಅಂತೀರಿ. ಅದು ನ್ಯಾಯವಾದ ಪ್ರಶ್ನೆನೇ. ಆದ್ರೆ ಎಲ್ಲಾ ಆ್ಯಪ್‌ನಲ್ಲೂ ಅದೇ ಸಿನಿಮಾ ಇದ್ರೆ ಜನ ಯಾವುದು ಅಗ್ಗವೋ ಅದನ್ನ ಇಟ್ಕೊಂಡು ಮಿಕ್ಕಿದ್ದನ್ನ ತೆಗೀತಾರೆ, ಹಂಗಾದಾಗ ಆ ಕಂಪನಿಗಳ ಹತ್ರ ಜಗಳ ಆಡೋಕೆ ಬೆಲೆ ಬಿಟ್ರೆ ಬೇರೆ ಏನೂ ಉಳಿಯಲ್ಲ. ಅದಕ್ಕೇ ಅವ್ರಿಗೆ ಬೇಕಿರೋದು 'ಇಲ್ಲಿ ಮಾತ್ರ' ಅನ್ನೋ ಹಣೆಪಟ್ಟಿ ಇರೋ ಸರಕು. ಎಕ್ಸ್‌ಕ್ಲೂಸಿವ್ ಅಂದ್ರೆ ಅಷ್ಟೇ, ಒಬ್ಬರಿಗೆ ಕೊಟ್ಟ ಮೇಲೆ ಆ ಅವಧಿ ಮುಗಿಯೋವರ್ಗೂ ಇನ್ನೊಬ್ಬರಿಗೆ ಕೊಡಂಗಿಲ್ಲ. ಇದಕ್ಕೆ ಅವ್ರು ಹೆಚ್ಚಿಗೆ ದುಡ್ಡು ಕೊಡ್ತಾರೆ. ನಾನ್-ಎಕ್ಸ್‌ಕ್ಲೂಸಿವ್ ಆದ್ರೆ ನಾಕು ಕಡೆ ಕೊಡಬಹುದು, ಆದ್ರೆ ಒಂದೊಂದು ಕಡೆಯಿಂದ ಬರೋ ದುಡ್ಡು ಕಮ್ಮಿ. ಹೊಸ ಸಿನಿಮಾಗಳು ಹೆಚ್ಚಾಗಿ ಮೊದಲನೇ ಥರದಲ್ಲಿ ಹೋಗ್ತವೆ, ಹಳೇವು ಎರಡನೇ ಥರದಲ್ಲಿ.

ಈ ಓಟ ಶುರುವಾದ ಕಥೆ ಒಸಿ ಗೊತ್ತಿದ್ರೆ ಮಿಕ್ಕಿದ್ದೆಲ್ಲ ಸುಲಭವಾಗಿ ಅರ್ಥ ಆಗುತ್ತೆ. ನೆಟ್‌ಫ್ಲಿಕ್ಸ್ 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಪೋಸ್ಟ್‌ನಲ್ಲಿ ಕಳ್ಸೋ ಕಂಪನಿಯಾಗಿ ಶುರುವಾಗಿದ್ದು, 2007ರಲ್ಲಿ ಸ್ಟ್ರೀಮಿಂಗಿಗೆ ಬಂತು. 2008ರಲ್ಲಿ ಸ್ಟಾರ್ಜ್ ಅನ್ನೋ ಕೇಬಲ್ ಚಾನೆಲ್ ಜೊತೆ ಒಪ್ಪಂದ ಮಾಡ್ಕೊಂಡು ಡಿಸ್ನಿ, ಸೋನಿಯಂಥ ದೊಡ್ಡ ಸ್ಟುಡಿಯೋಗಳ ಸಿನಿಮಾಗಳನ್ನ ತೋರಿಸ್ತು. ಸ್ಟುಡಿಯೋಗಳು ಆಗ ಇಂಟರ್ನೆಟ್ ಹಕ್ಕನ್ನ ಚಿಲ್ಲರೆ ಆದಾಯ ಅಂತ ತಿಳ್ಕೊಂಡಿದ್ವು, ನೆಟ್‌ಫ್ಲಿಕ್ಸ್ ಬೆಳೆದ ಮೇಲೆ ಕಣ್ಣು ಬಿಟ್ವು. 2012ರ ಫೆಬ್ರವರಿಗೆ ಆ ಒಪ್ಪಂದ ಮುಗೀತು, ಸ್ಟಾರ್ಜ್ ಮುಂದುವರ್ಸಲಿಲ್ಲ, ಆ ಸಿನಿಮಾಗಳೆಲ್ಲ ಹೋದವು. ಬೇರೆಯವ್ರ ಸರಕು ನಂಬ್ಕೊಂಡು ಅಂಗಡಿ ಇಟ್ರೆ ಯಾವತ್ತಿದ್ರೂ ಕಷ್ಟ ಅಂತ ಅವ್ರಿಗೆ ಗೊತ್ತಾಯ್ತು, 2013ರ ಫೆಬ್ರವರಿಯಲ್ಲಿ ಹೌಸ್ ಆಫ್ ಕಾರ್ಡ್ಸ್ ಬಂತು. ಇದರಲ್ಲಿ ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಸಂಗತಿ ಅಂದ್ರೆ, 'ನೆಟ್‌ಫ್ಲಿಕ್ಸ್ ಒರಿಜಿನಲ್' ಅಂತ ಅಷ್ಟು ಹೆಸರು ಮಾಡಿದ ಆ ಸರಣಿ ನೆಟ್‌ಫ್ಲಿಕ್ಸ್‌ನ ಸ್ವಂತದ್ದಲ್ಲ, ಮೀಡಿಯಾ ರೈಟ್ಸ್ ಕ್ಯಾಪಿಟಲ್ ಅನ್ನೋ ಕಂಪನಿ ಮಾಡಿ ಲೈಸೆನ್ಸ್ ಕೊಟ್ಟಿದ್ದು. ಒರಿಜಿನಲ್ ಅಂತ ಬರ್ದಿದ್ರೆ ಅವ್ರದ್ದೇ ಅಂತಲ್ಲ, ಎಷ್ಟೋ ಸಲ ಅಲ್ಲಿ ಮೊದಲು ಬಂದಿದೆ ಅಂತ ಅಷ್ಟೇ ಅರ್ಥ.

ಆಮೇಲೆ ಸ್ಟುಡಿಯೋಗಳು ತಮ್ಮ ಸರಕು ವಾಪಸ್ ಎಳ್ಕೊಳ್ಳೋಕೆ ಶುರು ಮಾಡಿದ್ವು. ಡಿಸ್ನಿ 2017ರಲ್ಲೇ ನಾವು ನಮ್ಮ ಸಿನಿಮಾ ನೆಟ್‌ಫ್ಲಿಕ್ಸಿಗೆ ಕೊಡಲ್ಲ ಅಂತ ಹೇಳಿ, 2019ರ ನವೆಂಬರಲ್ಲಿ ತಮ್ಮದೇ ಡಿಸ್ನಿ ಪ್ಲಸ್ ತೆಗೀತು. ದಿ ಆಫೀಸ್ ಅನ್ನೋ ಹಳೇ ಕಾಮಿಡಿ ಸರಣಿಯನ್ನ ನೆಟ್‌ಫ್ಲಿಕ್ಸಿಂದ ಬಿಡಿಸ್ಕೊಳ್ಳೋಕೆ ಎನ್‌ಬಿಸಿ ಅನ್ನೋ ಅಮೆರಿಕದ ಟಿವಿ ಕಂಪನಿಯವರು ಐದು ವರ್ಷಕ್ಕೆ 50 ಕೋಟಿ ಡಾಲರ್ ಲೆಕ್ಕ ಹಾಕಿದ್ರು, ಫ್ರೆಂಡ್ಸ್ ಅನ್ನೋ ಇನ್ನೊಂದು ಸರಣಿಗೆ ಎಚ್‌ಬಿಒ ಅನ್ನೋ ಅಮೆರಿಕದ ಚಾನೆಲ್ ಕಡೆಯವರು ಐದು ವರ್ಷಕ್ಕೆ 42.5 ಕೋಟಿ ಡಾಲರ್. ಅಷ್ಟೊತ್ತಿಗೆ ಮುಗಿದು ವರ್ಷಗಳಾಗಿದ್ದ ಸರಣಿಗಳು ಇವು. ಹೊಸದಕ್ಕಿಂತ ಹಳೇದಕ್ಕೆ ಇಷ್ಟು ದುಡ್ಡು ಯಾಕೆ ಅಂದ್ರೆ, ಹೊಸ ಸರಣಿ ಜನನ್ನ ಒಳಗೆ ಕರ್ಕೊಂಡು ಬರುತ್ತೆ, ಹಳೇದು ಅವ್ರನ್ನ ಅಲ್ಲೇ ಇರಿಸುತ್ತೆ. ಈ ಧಂಧೆಯವ್ರಿಗೆ ಅತಿ ದೊಡ್ಡ ಭಯ ಅಂದ್ರೆ ಚರ್ನ್, ಅಂದ್ರೆ ಒಂದು ಸರಣಿ ನೋಡಿ ಮುಗಿಸಿ ಮುಂದಿನ ತಿಂಗಳು ಕ್ಯಾನ್ಸಲ್ ಮಾಡಿ ಹೋಗೋರು. ಊಟ ಮಾಡ್ತಾ ಹಾಕ್ಕೊಂಡು ನೋಡೋ ಹಳೇ ಸರಣಿ, ಅಮ್ಮಾವ್ರಂಥವ್ರು ಮತ್ತೆ ಮತ್ತೆ ನೋಡೋ ಹಳೇ ಸಿನಿಮಾ, ಇವು ಕ್ಯಾನ್ಸಲ್ ಬಟನ್ ಕಡೆ ಕೈ ಹೋಗದಂಗೆ ತಡೀತವೆ. 2023ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಸ್ಟ್ರೀಮ್ ಆಗಿದ್ದು ಯಾವ ಹೊಸ ಸರಣಿನೂ ಅಲ್ಲ, 2019ಕ್ಕೇ ಮುಗಿದಿದ್ದ ಸೂಟ್ಸ್ ಅನ್ನೋ ವಕೀಲರ ಕಥೆ, ಜನ ಏನು ನೋಡ್ತಾರೆ ಅಂತ ಅಳೆಯೋ ನೀಲ್ಸನ್ ಕಂಪನಿಯ ಲೆಕ್ಕದ ಪ್ರಕಾರ 5,770 ಕೋಟಿ ನಿಮಿಷ. ಅದು ನೆಟ್‌ಫ್ಲಿಕ್ಸ್ ಬೇರೆಯವ್ರಿಂದ ಲೈಸೆನ್ಸ್ ತಗೊಂಡಿದ್ದು.

ಸ್ವಂತದ್ದೇ ಆದ್ರೆ ಎಂದೆಂದಿಗೂ ಇರುತ್ತೆ ಅಂತ ನಂಬೋದೂ ಬೇಡ ಮೇಷ್ಟ್ರೇ. 2022, 2023ರಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ, ಡಿಸ್ನಿ ಎರಡೂ ತಮ್ಮ ಸ್ವಂತ ಸರಣಿಗಳನ್ನೇ ತಮ್ಮ ಆ್ಯಪ್‌ಗಳಿಂದ ತೆಗೆದುಹಾಕಿದ್ವು, ಲೆಕ್ಕಪುಸ್ತಕದಲ್ಲಿ ನಷ್ಟ ತೋರಿಸೋಕೆ, ಖರ್ಚು ಉಳಿಸೋಕೆ. ವರ್ಷಗಟ್ಟಲೆ ಕೆಲಸ ಮಾಡಿದ ಬರಹಗಾರ, ಕ್ಯಾಮೆರಾದವ್ರ ಶ್ರಮ ಕಾನೂನುಬದ್ಧವಾಗಿ ಎಲ್ಲೂ ನೋಡೋಕೆ ಸಿಗದಂಗಾಯ್ತು. ನನಗೆ ಇದು ತುಂಬಾ ಸಂಕಟದ ವಿಷಯ. ಥಿಯೇಟರಲ್ಲಿ ಓಡದ ಸಿನಿಮಾದ್ದು ಕೂಡ ಪ್ರಿಂಟ್ ಅಂತ ಒಂದು ಎಲ್ಲೋ ಒಂದ್ಕಡೆ ಇರ್ತಿತ್ತು.

ಈಗ ನಮ್ಮ ದೇಶಕ್ಕೆ ಬರೋಣ. ಹಾಟ್‌ಸ್ಟಾರ್ 2015ರಲ್ಲಿ ಬಂತು, ನೆಟ್‌ಫ್ಲಿಕ್ಸ್ 2016ರ ಜನವರಿ, ಪ್ರೈಮ್ ವಿಡಿಯೋ ಅದೇ ವರ್ಷದ ಡಿಸೆಂಬರ್. ಇಲ್ಲಿ ಎಕ್ಸ್‌ಕ್ಲೂಸಿವ್ ಅನ್ನೋದರ ಬಲ ಎಷ್ಟು ಅಂತ ತೋರಿಸಿದ್ದು ಸಿನಿಮಾ ಅಲ್ಲ, ಕ್ರಿಕೆಟ್ಟು. 2022ರ ಜೂನಲ್ಲಿ ಐಪಿಎಲ್ 2023ರಿಂದ 2027ರವರೆಗಿನ ಹಕ್ಕು ಒಟ್ಟು 48,390 ಕೋಟಿ ರೂಪಾಯಿಗೆ ಹೋಯ್ತು. ಟಿವಿ ಹಕ್ಕು ಹಾಟ್‌ಸ್ಟಾರ್ ನಡೆಸ್ತಿದ್ದ ಡಿಸ್ನಿ ಸ್ಟಾರ್ ಉಳಿಸ್ಕೊಂಡಿತು, ಭಾರತದ ಡಿಜಿಟಲ್ ಹಕ್ಕು ರಿಲಯನ್ಸ್ ಕಡೆಯ ವಯಾಕಾಮ್18ಗೆ. ಅವ್ರು 2023ರಲ್ಲಿ ತಮ್ಮ ಆ್ಯಪ್ ಜಿಯೋಸಿನಿಮಾದಲ್ಲಿ ಪುಕ್ಕಟೆ ತೋರಿಸಿಬಿಟ್ರು. ಅದೇ ವರ್ಷ ಮಾರ್ಚ್ ಕೊನೆಗೆ ಎಚ್‌ಬಿಒ ಸರಣಿಗಳೂ ಹಾಟ್‌ಸ್ಟಾರ್ ಬಿಟ್ಟು ಜಿಯೋಸಿನಿಮಾ ಕಡೆ ಹೋದವು. ಡಿಸ್ನಿಯವರೇ ಕೊಟ್ಟ ಲೆಕ್ಕದಲ್ಲಿ ಹಾಟ್‌ಸ್ಟಾರ್ ಚಂದಾದಾರರು 2022ರ ಸೆಪ್ಟೆಂಬರ್ ಅಂತ್ಯಕ್ಕೆ 6.13 ಕೋಟಿ ಇದ್ದೋರು 2023ರ ಜೂನ್ ಅಂತ್ಯದ ಹೊತ್ತಿಗೆ 4.04 ಕೋಟಿಗೆ ಇಳಿದ್ರು. ಆ್ಯಪ್ ಕೆಟ್ಟಿರ್ಲಿಲ್ಲ, ಸಿನಿಮಾ ಧಾರಾವಾಹಿ ಎಲ್ಲಾ ಇದ್ವು, ಆರ್‌ಸಿಬಿ ಮ್ಯಾಚ್ ಇರ್ಲಿಲ್ಲ, ಎಚ್‌ಬಿಒ ಇರ್ಲಿಲ್ಲ, ಎರಡು ಕೋಟಿ ಜನ ಎದ್ದು ಹೋದ್ರು.

ಕೊನೆಗೆ ಏನಾಯ್ತು? ಒಬ್ಬರಿಗೊಬ್ಬರು ಬಡಿದಾಡಿಕೊಂಡು ನಷ್ಟ ಮಾಡ್ಕೊಳ್ಳೋ ಬದಲು ಒಂದಾದ್ರು. 2024ರ ನವೆಂಬರಲ್ಲಿ ವಯಾಕಾಮ್18 ಮತ್ತೆ ಸ್ಟಾರ್ ಇಂಡಿಯಾ ಸೇರ್ಕೊಂಡ್ವು, 2025ರ ಫೆಬ್ರವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಅಂತ ಒಂದೇ ಆ್ಯಪ್ ಆಯ್ತು. ನೋಡೋರಿಗೆ ಒಂದು ಚಂದಾ ಉಳೀತು ಅಂತ ಸಂತೋಷ, ಸರಿ. ಆದ್ರೆ ನಾನು ಕೂತಿರೋ ಜಾಗದಿಂದ ನೋಡಿದ್ರೆ ಇದರಲ್ಲಿ ಇನ್ನೊಂದು ಮುಖ ಇದೆ. ಮೊದಲು ಒಬ್ಬ ಕನ್ನಡ ನಿರ್ಮಾಪಕ ಸ್ಟಾರ್ ಇಂಡಿಯಾ ಕಡೆಯ ಸ್ಟಾರ್ ಸುವರ್ಣದವ್ರ ಹತ್ರ ಹೋಗಿ ಒಂದು ರೇಟು ಕೇಳಿ, ವಯಾಕಾಮ್18 ಕಡೆಯ ಕಲರ್ಸ್ ಕನ್ನಡದವ್ರ ಹತ್ರ ಹೋಗಿ ಇನ್ನೊಂದು ರೇಟು ಕೇಳಿ, ಅಲ್ಲಿ ಇಷ್ಟು ಅಂದವ್ರೆ ನೀವೆಷ್ಟು ಕೊಡ್ತೀರಿ ಅಂತ ಮಾತಾಡಬಹುದಿತ್ತು. ಈಗ ಆ ಎರಡೂ ಚಾನೆಲ್, ಅವುಗಳ ಹಿಂದಿದ್ದ ಎರಡು ಆ್ಯಪ್, ಎಲ್ಲಾ ಒಂದೇ ಮನೆ. ಉಳಿದಿರೋರು ಅಂದ್ರೆ ಜೀ ಕಡೆಯ ಜೀ5, ಉದಯ ಕಡೆಯ ಸನ್ ನೆಕ್ಸ್ಟ್, ಮತ್ತೆ ಪ್ರೈಮ್, ನೆಟ್‌ಫ್ಲಿಕ್ಸ್. ಕೊಳ್ಳೋರು ಕಮ್ಮಿ ಆದ್ರೆ ಮಾರೋನ ಮಾತಿಗೆ ಬೆಲೆ ಕಮ್ಮಿ, ಇದು ನಿಮಗೆ ನಾನು ಬಿಡಿಸಿ ಹೇಳ್ಬೇಕಿಲ್ಲ.

ಕನ್ನಡದ್ದು ಒಂದು ಆ್ಯಪ್‌ನಲ್ಲಿ ಹಿಂದೀದು ಇನ್ನೊಂದರಲ್ಲಿ ಯಾಕೆ ಅನ್ನೋ ಪ್ರಶ್ನೆಗೆ ಬರ್ತೀನಿ. ಸಿನಿಮಾ ಅನ್ನೋದು ನಿಮ್ಮ ಕಣ್ಣಿಗೆ ಒಂದು ವಸ್ತು, ಒಪ್ಪಂದದ ಕಾಗದದಲ್ಲಿ ಅದು ಹತ್ತು ಹದಿನೈದು ತುಂಡು. ಸ್ಯಾಟಲೈಟ್ ರೈಟ್ಸ್ ಅಂದ್ರೆ ಟಿವಿ ಚಾನೆಲ್ ಹಕ್ಕು ಬೇರೆ, ಡಿಜಿಟಲ್ ರೈಟ್ಸ್ ಅಂದ್ರೆ ಓಟಿಟಿ ಹಕ್ಕು ಬೇರೆ, ಆಡಿಯೋ ಬೇರೆ, ರಿಮೇಕ್ ಬೇರೆ, ಡಬ್ಬಿಂಗ್ ಬೇರೆ, ಅದರಲ್ಲೂ ಭಾಷೆಗೊಂದು, ದೇಶಕ್ಕೊಂದು. ಯಾವ ತುಂಡಿಗೆ ಯಾರು ಹೆಚ್ಚು ಕೊಡ್ತಾರೋ ಅವ್ರಿಗೆ. ಕಾಂತಾರ ನೋಡಿ, 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ರಿಲೀಸ್, ನವೆಂಬರ್ 24ಕ್ಕೆ ಕನ್ನಡ ಮತ್ತೆ ದಕ್ಷಿಣದ ಭಾಷೆಗಳಲ್ಲಿ ಪ್ರೈಮ್‌ಗೆ ಬಂತು, ಹಿಂದೀದು ಮಾತ್ರ ಡಿಸೆಂಬರ್ 9ಕ್ಕೆ ನೆಟ್‌ಫ್ಲಿಕ್ಸಿಗೆ. ಆರ್‌ಆರ್‌ಆರ್ ಕೂಡ ಹಂಗೇ, ಹಿಂದಿ ನೆಟ್‌ಫ್ಲಿಕ್ಸ್‌ನಲ್ಲಿ, ಕನ್ನಡ ಸೇರಿ ದಕ್ಷಿಣದ ಭಾಷೆಗಳು ಜೀ5ನಲ್ಲಿ. ಆದ್ದರಿಂದ ಯಾವುದಾದ್ರೂ ಸಿನಿಮಾ ಹಿಂದೀಲಿ ಮಾತ್ರ ಕಂಡ್ರೆ ಆ್ಯಪ್‌ನವ್ರಿಗೆ ಕನ್ನಡ ಬೇಡವಾಗಿತ್ತು ಅಂತ ತಕ್ಷಣ ತೀರ್ಮಾನ ಮಾಡ್ಬೇಡಿ, ಆ ತುಂಡು ಬೇರೆಯವ್ರ ಹತ್ರ ಇರುತ್ತೆ.

ತಾರೀಖು ಬೇರೆ ಬೇರೆ ಆಗೋಕೂ ಕಾರಣ ಇದೆ. ಉತ್ತರದ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಹಿಂದಿ ಸಿನಿಮಾ ಥಿಯೇಟರಿಗೆ ಬಂದು ಎಂಟು ವಾರ ಆಗೋವರ್ಗೂ ಓಟಿಟಿಗೆ ಬರಂಗಿಲ್ಲ ಅಂತ ಹಟ ಹಿಡೀತವೆ, ಒಪ್ಪದಿದ್ರೆ ಸ್ಕ್ರೀನೇ ಕೊಡಲ್ಲ. ದಕ್ಷಿಣದಲ್ಲಿ ನಾಲ್ಕು ವಾರಕ್ಕೇ ಬಿಡೋದು ರೂಢಿ ಆಗಿದೆ. ಕಾಂತಾರ ಚಾಪ್ಟರ್ 1 ಇದಕ್ಕೆ ಸರಿಯಾದ ಉದಾಹರಣೆ, 2025ರ ಅಕ್ಟೋಬರ್ 2ಕ್ಕೆ ಥಿಯೇಟರಿಗೆ, ಅಕ್ಟೋಬರ್ 31ಕ್ಕೆ ಕನ್ನಡ ಮತ್ತೆ ದಕ್ಷಿಣದ ಭಾಷೆಗಳು ಪ್ರೈಮ್‌ಗೆ, ಹಿಂದೀದು ನವೆಂಬರ್ ಕೊನೆಗೆ. ನಮ್ಮ ಮೈಸೂರಲ್ಲಿ ಶಾಂತಲಾ, ಲಕ್ಷ್ಮಿ ಥರದ ಥಿಯೇಟರ್‌ಗಳೇ ಮುಚ್ಚಿಹೋದವು, ಈ ನಾಲ್ಕು ವಾರ ಅನ್ನೋದು ಸಿಂಗಲ್ ಸ್ಕ್ರೀನಿನವ್ರಿಗೆ ಎಂಥಾ ಹೊಡೆತ ಅಂತ ಅವ್ರನ್ನೇ ಕೇಳ್ಬೇಕು. ತಿಂಗಳು ತಡ್ಕೊಂಡ್ರೆ ಮನೇಲೇ ಬರುತ್ತೆ ಅಂತ ಗೊತ್ತಿದ್ಮೇಲೆ ಮನೆಮಂದಿಯೆಲ್ಲ ಆಟೋ ಮಾಡ್ಕೊಂಡು ಹೋಗೋರು ಯಾರು. ನನ್ನ ಕೇಳಿದ್ರೆ ಇಲ್ಲೂ ಎಂಟು ವಾರ ಇರ್ಬೇಕು, ಆದ್ರೆ ಓಟಿಟಿಯವ್ರು ಬೇಗ ಬಂದ್ರೆ ಹೆಚ್ಚು ಕೊಡ್ತೀವಿ ಅಂತಾರೆ, ಸಾಲ ಮಾಡಿ ಸಿನಿಮಾ ಮಾಡಿರೋ ನಿರ್ಮಾಪಕನಿಗೆ ಆ ಮಾತು ತಳ್ಳಿಹಾಕೋದು ಕಷ್ಟ.

ಹಾಡಿಂದಲೂ ತೊಂದರೆ ಆಗುತ್ತೆ. ಅದೇ ಕಾಂತಾರ ಪ್ರೈಮ್‌ಗೆ ಬಂದ ದಿನ 'ವರಾಹ ರೂಪಂ' ಹಾಡಿಗೆ ಬೇರೆ ಟ್ಯೂನ್ ಇತ್ತು ನೆನಪಿದೆಯಾ, ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡದವ್ರು ನಮ್ಮ ಹಾಡಿನ ನಕಲು ಅಂತ ಕೋರ್ಟಿಗೆ ಹೋಗಿದ್ರು, ಆಮೇಲೆ ಹಳೇ ಟ್ಯೂನ್ ವಾಪಸ್ ಬಂತು. ಒಂದು ಹಾಡಿನ ಹಕ್ಕು ಬಗೆಹರಿಯದಿದ್ರೆ ಇಡೀ ಸಿನಿಮಾ ನಿಲ್ಲಬಹುದು, ಇಲ್ಲಾ ಹಾಡಿಲ್ಲದೇ ಬರಬಹುದು.

ಕನ್ನಡದ ಪಾಡು ಒಸಿ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇಲ್ಲೇ ನನಗೆ ಹೊಟ್ಟೆ ಉರಿಯೋದು. ಕೊರೊನಾ ಕಾಲದಲ್ಲಿ ಥಿಯೇಟರ್ ಮುಚ್ಚಿದ್ದಾಗ 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವ್ರ ಪಿಆರ್‌ಕೆ ಸಂಸ್ಥೆಯ ಲಾ, ಫ್ರೆಂಚ್ ಬಿರಿಯಾನಿ ಎರಡೂ ನೇರವಾಗಿ ಪ್ರೈಮ್‌ನಲ್ಲಿ ಬಂದವು, ಆಗ ಗಾಂಧಿನಗರದಲ್ಲಿ ಎಲ್ಲರಿಗೂ ಒಂದು ಆಸೆ ಹುಟ್ತು, ಇನ್ನು ಸಣ್ಣ ಸಿನಿಮಾಗಳಿಗೂ ದಾರಿ ಆಯ್ತು ಅಂತ. ಆ ಕಾಲದಲ್ಲಿ ಜನ ಮನೇಲೇ ಇದ್ರು, ಆ್ಯಪ್‌ಗಳಿಗೆ ಸರಕು ಬೇಕಿತ್ತು, ಸಿನಿಮಾ ಮುಗಿಯೋಕೆ ಮುಂಚೆನೇ ಎಂಜಿ, ಅಂದ್ರೆ ಮಿನಿಮಮ್ ಗ್ಯಾರಂಟಿ ದುಡ್ಡು ಮಾತಾಡಿ ಮುಂಗಡ ಕೊಡೋರು. ಈಗ ಹಂಗಿಲ್ಲ. ಥಿಯೇಟರಲ್ಲಿ ಎಷ್ಟು ಓಡ್ತು ನೋಡಿ ಆಮೇಲೆ ರೇಟು ಹೇಳ್ತೀವಿ ಅಂತಾರೆ, ಇಲ್ಲಾ ಮುಂಗಡ ಇಲ್ಲ, ಜನ ನೋಡಿದಷ್ಟು ಹೊತ್ತಿಗೆ ಲೆಕ್ಕ ಹಾಕಿ ಪಾಲು ಕೊಡ್ತೀವಿ ಅಂತಾರೆ. ಬಜೆಟ್‌ನಲ್ಲಿ ಓಟಿಟಿ ದುಡ್ಡು ಇಷ್ಟು ಬರುತ್ತೆ ಅಂತ ಬರ್ಕೊಂಡು ಬಡ್ಡಿಗೆ ತಂದೋರು ಇದರಿಂದ ಕೈ ಸುಟ್ಕೊಂಡಿದಾರೆ.

ಸರಣಿಗಳ ಕಥೆ ಇನ್ನೂ ಬೇಜಾರು. ರಕ್ಷಿತ್ ಶೆಟ್ಟಿ ಅವ್ರ ಪರಂವಃ ಸ್ಟುಡಿಯೋಸ್ ಏಕಂ ಅಂತ ಏಳು ಕಂತಿನ ಕನ್ನಡ ಸರಣಿ ಮಾಡ್ತು, ಕರಾವಳಿಯ ಕಥೆಗಳು, ಪ್ರಕಾಶ್ ರಾಜ್, ರಾಜ್ ಬಿ ಶೆಟ್ಟಿಯಂಥ ನಟರು ಇದ್ದಾರೆ. ದೊಡ್ಡ ಆ್ಯಪ್‌ಗಳು ತಗೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವ್ರೇ ಒಂದು ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಟ್ರು. ಹೆಸರಿರೋ ನಿರ್ಮಾಣ ಸಂಸ್ಥೆಗೇ ಈ ಗತಿ ಅಂದ್ರೆ ಹೊಸಬರ ಕಥೆ ಏನು? 2025ರಲ್ಲಿ ಜೀ5 ಅಯ್ಯನ ಮನೆ ಥರದ ಕನ್ನಡ ಸರಣಿ ಮಾಡೋಕೆ ಶುರು ಮಾಡಿದ ಮೇಲೆ ಬಾಗಿಲು ಒಸಿ ತೆಗೆದಂಗೆ ಕಾಣುತ್ತೆ, ಅದು ತೆಗೆದೇ ಇರ್ಲಿ.

ಆ್ಯಪ್‌ನವ್ರು ಯಾಕೆ ಹಿಂದೇಟು ಹಾಕ್ತಾರೆ ಅಂದ್ರೆ, ಅವ್ರ ಲೆಕ್ಕದಲ್ಲಿ ಕನ್ನಡದವ್ರು ತೆಲುಗು, ತಮಿಳು, ಹಿಂದೀನೂ ನೋಡ್ತಾರೆ, ಹಂಗಾಗಿ ಕನ್ನಡದ ಸಿನಿಮಾ ಕೊಳ್ಳದಿದ್ರೂ ಕರ್ನಾಟಕದ ಚಂದಾ ಬಂದೇ ಬರುತ್ತೆ. ತೆಲುಗಿನವ್ರು ತೆಲುಗಿಲ್ಲದಿದ್ರೆ ಬರಲ್ಲ, ನಮ್ಮವ್ರು ಕನ್ನಡ ಇಲ್ಲದಿದ್ರೂ ಬರ್ತಾರೆ ಅಂತ ಅವ್ರಿಗೆ ಅನ್ಸಿಬಿಟ್ಟಿದೆ. ಅದ್ರ ಜೊತೆಗೆ ಡಬ್ಬಿಂಗ್. ದಶಕಗಳ ಕಾಲ ಕನ್ನಡಕ್ಕೆ ಡಬ್ ಮಾಡಂಗಿರ್ಲಿಲ್ಲ, 2015ರಲ್ಲಿ ವ್ಯಾಪಾರದ ಪೈಪೋಟಿ ನೋಡ್ಕೊಳ್ಳೋ ಕೇಂದ್ರದ ಕಾಂಪಿಟಿಷನ್ ಕಮಿಷನ್ ಆ ಅಡ್ಡಿ ಕಾನೂನುಬಾಹಿರ ಅಂತ ಆದೇಶ ಮಾಡಿದ ಮೇಲೆ ನಿಧಾನಕ್ಕೆ ಅದು ಸಡಿಲ ಆಯ್ತು. ಡಬ್ಬಿಂಗ್ ಬೇಕು ಅನ್ನೋ ಪಕ್ಷ ನಂದು, ಕನ್ನಡಿಗರಿಗೆ ಎಲ್ಲವೂ ಕನ್ನಡದಲ್ಲೇ ಸಿಗ್ಬೇಕು. ಆದ್ರೆ ಹೊಸ ಕನ್ನಡ ಸಿನಿಮಾದ ಹಕ್ಕು ಕೊಳ್ಳೋದಕ್ಕಿಂತ ಈಗಾಗ್ಲೇ ಕೊಂಡಿರೋ ತೆಲುಗು ಸಿನಿಮಾಗೆ ಕನ್ನಡ ಧ್ವನಿ ಸೇರ್ಸೋದು ಎಷ್ಟೋ ಅಗ್ಗ, ಆ್ಯಪ್‌ನವ್ರಿಗೆ ಅದೂ ಕನ್ನಡದ ಲೆಕ್ಕಕ್ಕೇ ಬೀಳುತ್ತೆ. ಈ ಸ್ಪರ್ಧೆ ಇದೆ ಅಂತ ನಮ್ಮ ನಿರ್ಮಾಪಕರು ತಿಳ್ಕೊಂಡೇ ಕೆಲಸ ಮಾಡ್ಬೇಕು.

ಇನ್ನು ಹಳೇ ಕನ್ನಡ ಸಿನಿಮಾಗಳು. ನಿಮ್ಮ ಮನೆಯವ್ರು ನೋಡ್ತಿದ್ದ ಥರದ್ದು. ಇವು ಒಂದು ಆ್ಯಪ್‌ನಲ್ಲಿ ಕಂಡು ಮಾಯ ಆಗೋದಕ್ಕೆ ಅವಧಿ ಮುಗಿಯೋದು ಒಂದು ಕಾರಣ ಆದ್ರೆ, ಕಾಗದಪತ್ರ ಸರಿಯಿಲ್ಲದಿರೋದು ಅದಕ್ಕಿಂತ ದೊಡ್ಡ ಕಾರಣ. ಆಗಿನ ಕಾಲದಲ್ಲಿ ನಿರ್ಮಾಪಕ ಒಂದು ಸಿನಿಮಾದಲ್ಲಿ ಸೋತ್ರೆ ಸಾಲ ಕೊಟ್ಟೋನಿಗೆ ನೆಗೆಟಿವ್ ರೈಟ್ಸ್, ಅಂದ್ರೆ ಸಿನಿಮಾದ ಮೂಲ ರೀಲಿನ ಹಕ್ಕು, ಬರ್ಕೊಟ್ಟುಬಿಡೋನು, ಒಂದು ಸ್ಟಾಂಪ್ ಪೇಪರು, ರೀಲು ಇಟ್ಟಿರೋ ಲ್ಯಾಬಿಗೆ ಒಂದು ಲೆಟರು, ಅಷ್ಟೇ. ಆಮೇಲೆ ಅವನು ಇನ್ನೊಬ್ಬನಿಗೆ ಔಟ್‌ರೇಟ್, ಅಂದ್ರೆ ಒಂದೇ ಸಲಕ್ಕೆ ಪೂರ್ತಿಯಾಗಿ, ಮಾರಿರ್ತಾನೆ, ಟಿವಿ ಹಕ್ಕು ಅಂತ ಮತ್ತೊಬ್ಬ ತಗೊಂಡಿರ್ತಾನೆ, ವಿಸಿಡಿ ಹಕ್ಕು ಇನ್ನೊಬ್ಬಂದು. ಈಗ ಓಟಿಟಿಯವ್ರು ಹಕ್ಕು ಯಾರಿಂದ ಯಾರಿಗೆ ಬಂತು ಅಂತ ತೋರ್ಸೋ ಲಿಂಕ್ ಡಾಕ್ಯುಮೆಂಟ್ ಎಲ್ಲಾ ತೋರ್ಸಿ ಅಂತಾರೆ, ನಿರ್ಮಾಪಕರ ಮಕ್ಕಳ ಹತ್ರ ಒಂದು ಹರಿದ ಫೈಲು, ಮಧ್ಯದ ಎರಡು ಕಾಗದ ಇಲ್ಲ. ಒಬ್ರು ಹಕ್ಕು ಕೊಟ್ರು ಅಂತ ಆ್ಯಪ್‌ನಲ್ಲಿ ಹಾಕಿರ್ತಾರೆ, ಇನ್ನೊಬ್ರು ನಮ್ಮದು ಅಂತ ನೋಟಿಸ್ ಕಳ್ಸಿದ ತಕ್ಷಣ ಆ್ಯಪ್‌ನವ್ರು ಗೊಡವೆ ಬೇಡ ಅಂತ ತೆಗೆದುಬಿಡ್ತಾರೆ.

ಇಂಥ ಜಗಳ ಬಿಡಿಸೋಕೆ ಕಾನೂನಲ್ಲಿ ಆಧಾರ ಇದೆ, ನಿರ್ಮಾಪಕರ ಮನೆಯವ್ರು ಯಾರಾದ್ರೂ ಇದನ್ನ ಓದ್ತಿದ್ರೆ ಗಮನ ಕೊಟ್ಟು ಓದಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರ್ಕೊಟ್ಟಿರೋ ಕಾಗದದಲ್ಲಿ ಅವಧಿ ಎಷ್ಟು ಅಂತ ಬರ್ದಿಲ್ಲದಿದ್ರೆ ಐದು ವರ್ಷ ಅಂತಲೇ ಲೆಕ್ಕ, ಯಾವ ಪ್ರದೇಶಕ್ಕೆ ಅಂತ ಬರ್ದಿಲ್ಲದಿದ್ರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. 2012ರ ತಿದ್ದುಪಡಿಯಲ್ಲಿ ಇನ್ನೊಂದು ಸೇರಿಸಿದಾರೆ, ಕಾಗದ ಬರ್ದ ಕಾಲಕ್ಕೆ ಬಳಕೆಯಲ್ಲೇ ಇರದಿದ್ದ ಮಾಧ್ಯಮಕ್ಕೆ ಆ ಹಕ್ಕು ಅನ್ವಯ ಆಗಲ್ಲ, ಅದರ ಹೆಸರು ಎತ್ತಿ ಸ್ಪಷ್ಟವಾಗಿ ಬರ್ದಿದ್ರೆ ಮಾತ್ರ ಉಂಟು. ಆ ತಿದ್ದುಪಡಿಗೂ ಹಿಂದಿನ ಕಾಗದಗಳಿಗೆ ಇದು ಎಷ್ಟರಮಟ್ಟಿಗೆ ಹತ್ತುತ್ತೆ ಅನ್ನೋದು ಕಾಗದ ಕಾಗದಕ್ಕೂ ಬೇರೆ, ಅದಕ್ಕೆ ಯಾರೋ ಬಂದು 'ನಿಮ್ಮಪ್ಪ ಎಲ್ಲಾ ಮಾರಿದಾರೆ' ಅಂದ ತಕ್ಷಣ ನಂಬಿ ಸುಮ್ಮನಾಗ್ಬೇಡಿ, ಕಾಗದ ತಗೊಂಡು ಕಾಪಿರೈಟ್ ಗೊತ್ತಿರೋ ವಕೀಲರಿಗೆ ತೋರ್ಸಿ. ಸಿನಿಮಾದ ಕಾಪಿರೈಟ್ ಇರೋದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ, ಅಂದ್ರೆ 1964ರಲ್ಲಿ ಬಂದಿದ್ದ ಸಿನಿಮಾಗಳ ಕಾಪಿರೈಟ್ 2024ರ ಕೊನೆಗೆ ಮುಗೀತು. ಹಂಗಂತ ಯಾರು ಬೇಕಾದ್ರೂ ಎತ್ತಿ ಹಾಕ್ಕೋಬಹುದು ಅಂತಲ್ಲ, ಅದರೊಳಗಿನ ಕಥೆ, ಸಾಹಿತ್ಯ, ಸಂಗೀತಕ್ಕೆ ಬರ್ದೋರ ಜೀವಿತಾವಧಿ ಜೊತೆಗೆ 60 ವರ್ಷ ಪ್ರತ್ಯೇಕ ಹಕ್ಕು ಇರುತ್ತೆ.

ಹೊಸದಾಗಿ ಸಹಿ ಹಾಕೋರಿಗೆ ನಾನು ಗಟ್ಟಿಯಾಗಿ ಹೇಳೋದು ಒಂದೇ, ಎಕ್ಸ್‌ಕ್ಲೂಸಿವ್ ಕೊಡಿ, ತೊಂದರೆ ಇಲ್ಲ, ದುಡ್ಡು ಬರ್ಲಿ, ಆದ್ರೆ 'ಪರ್ಪೆಚುಯಲ್' ಅಂತ ಇದ್ದ ಕಡೆ ಪೆನ್ನು ಇಡ್ಬೇಡಿ. ಕಾಯಂ ಹಕ್ಕು ಕೊಟ್ಟ ಸಿನಿಮಾನ ಕೊಂಡೋರು ತೋರಿಸ್ಲೂಬಹುದು, ಗೋಡೌನಲ್ಲಿ ಇಟ್ಟುಬಿಡ್ಲೂಬಹುದು, ನಿಮ್ಮ ಮಕ್ಕಳು ಅವ್ರಪ್ಪ ಮಾಡಿದ ಸಿನಿಮಾನ ಊರಿನ ಕಾಲೇಜಲ್ಲಿ ತೋರ್ಸೋಕೂ ಅಪ್ಪಣೆ ಕೇಳ್ಬೇಕಾಗುತ್ತೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಕೊಡಿ, ಒಂದು ವರ್ಷದೊಳಗೆ ಸ್ಟ್ರೀಮ್ ಮಾಡದಿದ್ರೆ ಹಕ್ಕು ವಾಪಸ್ ಅಂತ ಬರ್ಸಿ, ಕನ್ನಡದ ಮೂಲ ಧ್ವನಿ ಯಾವತ್ತೂ ತೆಗೆಯಂಗಿಲ್ಲ ಅಂತ ಬರ್ಸಿ. ಇಷ್ಟು ಕೇಳಿದ್ರೆ ಡೀಲ್ ತಪ್ಪೋಗುತ್ತೆ ಅಂತ ಹೆದರ್ತಾರೆ, ನಾನು ಕಂಡಂಗೆ ಕೇಳಿದೋರಿಗೆ ಕೆಲವಾದ್ರೂ ಸಿಕ್ಕಿವೆ.

ಈಗ ನಿಮ್ಮ ಮನೆ ಲೆಕ್ಕ. ಯಾವುದು ಇಟ್ಕೋಬೇಕು ಅಂತ ನಾನು ಒಂದು ಹೆಸರು ಹೇಳಿದ್ರೆ ಆರು ತಿಂಗಳಿಗೆ ಅದು ತಪ್ಪಾಗುತ್ತೆ, ಯಾಕಂದ್ರೆ ಸರಕು ಓಡಾಡ್ತಾ ಇರುತ್ತೆ. ಆದ್ರೂ ಒಂದು ದಾರಿ ಹೇಳ್ತೀನಿ. ಚಾನೆಲ್ ಜೊತೆ ಸೇರಿರೋ ಆ್ಯಪ್‌ಗಳಲ್ಲಿ ಆ ಚಾನೆಲ್‌ನ ಧಾರಾವಾಹಿ, ಆ ಚಾನೆಲ್ ಕೊಂಡ ಸಿನಿಮಾ ಬಹುತೇಕ ನಿಲ್ಲುತ್ತೆ, ಹಂಗಾಗಿ ಅಮ್ಮಾವ್ರು ದಿನಾ ನೋಡೋ ಧಾರಾವಾಹಿ ಜೀ ಕನ್ನಡದ್ದಾ, ಕಲರ್ಸ್ ಅಥವಾ ಸುವರ್ಣದ್ದಾ, ಉದಯದ್ದಾ ಅಂತ ನೋಡಿ ಅದನ್ನ ವರ್ಷಕ್ಕೆ ಇಟ್ಕೊಳ್ಳಿ. ಮಿಕ್ಕಿದ್ದನ್ನ ವರ್ಷಕ್ಕೆ ಕಟ್ಟೋಕೆ ಹೋಗ್ಬೇಡಿ, ಒಂದೊಂದೇ ತಿಂಗಳು ಹಾಕ್ಕೊಂಡು ನೋಡಬೇಕಿರೋದನ್ನ ನೋಡಿ ಮುಗಿಸಿ ತೆಗೀರಿ. ಮೊಬೈಲ್ ರೀಚಾರ್ಜ್ ಜೊತೆಗೆ ಯಾವುದೋ ಆ್ಯಪ್ ಪುಕ್ಕಟೆ ಬಂದಿರುತ್ತೆ, ಮಗ ಅದಕ್ಕೇ ಬೇರೆಯಾಗಿ ದುಡ್ಡು ಕಟ್ತಿರ್ತಾನೆ, ಇದು ನಮ್ಮ ಕಡೆ ಮನೆ ಮನೇಲೂ ಕಾಣೋದು, ಮೊದಲು ಅದನ್ನ ನೋಡ್ಕೊಳ್ಳಿ. ಹೊಸ ಸಿನಿಮಾ ಒಂದೇ ಬೇಕಿದ್ರೆ ಬಾಡಿಗೆಗೆ ಸಿಗೋ ಕಡೆ ತಗೊಳ್ಳಿ. ಕೆಜಿಎಫ್ ಎರಡನೇ ಭಾಗ 2022ರ ಮೇನಲ್ಲಿ ಚಂದಾ ಇದ್ದೋರಿಗೆ ಬರೋಕೆ ಮುಂಚೆ 199 ರೂಪಾಯಿ ಬಾಡಿಗೆಗೆ ಪ್ರೈಮ್‌ನಲ್ಲಿ ಬಂದಿತ್ತು. ಆದ್ರೆ ಬಾಡಿಗೆ ಸಿನಿಮಾ ಒಂದ್ಸಲ ಶುರು ಮಾಡಿದ್ರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಮುಗಿಸ್ಬೇಕು, ಅರ್ಧಕ್ಕೆ ಬಿಡೋ ಅಭ್ಯಾಸ ಇದ್ರೆ ಇದು ನೆನಪಿರ್ಲಿ.

ಹಳೇ ಸಿನಿಮಾಗಳಿಗೆ ಯೂಟ್ಯೂಬ್ ನೋಡಿ. ಎಷ್ಟೋ ಹಳೇ ಕನ್ನಡ ಸಿನಿಮಾಗಳ ಹಕ್ಕು ಆಡಿಯೋ, ವಿಡಿಯೋ ಕಂಪನಿಗಳ ಹತ್ರ ಇದೆ, ಅವ್ರು ತಮ್ಮ ಚಾನೆಲ್‌ಗಳಲ್ಲಿ ಪೂರ್ತಿ ಸಿನಿಮಾ ಹಾಕಿದಾರೆ, ಜಾಹೀರಾತು ಬರುತ್ತೆ ಅಷ್ಟೇ. ಯಾರೋ ಕಳ್ಸೋ ಟೆಲಿಗ್ರಾಂ ಲಿಂಕಲ್ಲಿ ಮಾತ್ರ ನೋಡ್ಬೇಡಿ. ಕಳ್ಳತನ ಅನ್ನೋದು ಒಂದ್ಕಡೆ, ಅಲ್ಲಿ ನೋಡಿದ ಒಂದು ನಿಮಿಷನೂ ಕನ್ನಡದ ಲೆಕ್ಕಕ್ಕೆ ಬರಲ್ಲ. ಆ್ಯಪ್‌ನವ್ರ ಹತ್ರ ಯಾವ ಊರಲ್ಲಿ ಎಷ್ಟು ಜನ ಯಾವ ಭಾಷೆಯ ಧ್ವನಿ ಹಾಕ್ಕೊಂಡು ಎಷ್ಟು ಹೊತ್ತು ನೋಡಿದ್ರು ಅಂತ ಎಲ್ಲಾ ಇರುತ್ತೆ, ಮುಂದಿನ ವರ್ಷ ಕನ್ನಡಕ್ಕೆ ಎಷ್ಟು ದುಡ್ಡು ಎತ್ತಿಡಬೇಕು ಅನ್ನೋ ಮೀಟಿಂಗಲ್ಲಿ ಮೇಜಿನ ಮೇಲೆ ಬರೋದು ಆ ಅಂಕಿನೇ. ಅದಕ್ಕೆ ಬೇರೆ ಭಾಷೆಯ ಸಿನಿಮಾ ನೋಡಿದ್ರೂ ಕನ್ನಡ ಧ್ವನಿ ಇದ್ರೆ ಅದನ್ನೇ ಹಾಕ್ಕೊಳ್ಳಿ, ಆ್ಯಪ್‌ನ ಭಾಷೆ ಸೆಟ್ಟಿಂಗೂ ಕನ್ನಡಕ್ಕೆ ಇಡಿ, ಮೊಮ್ಮಕ್ಕಳಿಗೂ ಹೇಳಿಕೊಡಿ.

ಕೊನೇದಾಗಿ ಆಟೋಪೇ ವಿಷಯ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಈ ಥರ ತಾನಾಗೇ ದುಡ್ಡು ಕಟ್ ಆಗೋ ಕನಿಷ್ಠ 24 ಗಂಟೆ ಮುಂಚೆ ಮೆಸೇಜ್ ಬರ್ಬೇಕು. ಅದು ನಿಮ್ಮ ಮಗನ ಫೋನಿಗೋ ಮೇಲಿಗೋ ಬರುತ್ತೆ, ಅವನು ಕೆಲಸದ ಗಡಿಬಿಡೀಲಿ ನೋಡಿರಲ್ಲ. ಆ ಮೆಸೇಜ್ ಬಂದ ತಕ್ಷಣ ನಿಮಗೆ ಕಳ್ಸು ಅಂತ ಹೇಳಿಡಿ, ಆ ತಿಂಗಳು ಅದರಲ್ಲಿ ನೀವು ಏನಾದ್ರೂ ನೋಡಿದ್ರಾ ಅಂತ ಯೋಚ್ನೆ ಮಾಡಿ, ಇಲ್ಲ ಅಂದ್ರೆ ಅವತ್ತೇ ಕ್ಯಾನ್ಸಲ್ ಮಾಡ್ಸಿ. ಕ್ಯಾನ್ಸಲ್ ಮಾಡಿದ್ರೂ ಸಾಮಾನ್ಯವಾಗಿ ಈಗಾಗ್ಲೇ ದುಡ್ಡು ಕಟ್ಟಿರೋ ಅವಧಿ ಮುಗಿಯೋವರ್ಗೂ ಆ್ಯಪ್ ನಡೀತಾನೇ ಇರುತ್ತೆ.